ಹಲಗೆಗೆ ನೀಲಿ ಕಲೆ ಹಿಡಿಯದ ಹಾಗೆ ಏನು ಮಾಡಬೇಕು? ಬೇವು, ಹೊಂಗೆ, ಗೇರು, ಬಿಳಿಗಾರ: ಯಾವುದು ಯಾವಾಗ

ಜೂನ್ ಮಳೆಗೆ ನಮ್ಮ ತೋಟದ ಬದಿಯ ಕಾಟು ಮಾವಿನ ಮರ ಬುಡಸಮೇತ ಬಿತ್ತು. ಇಬ್ಬರು ತಬ್ಬಿದರೆ ಕೈ ಕೂಡುವಷ್ಟು ದಪ್ಪದ ಮರ, ಸೌದೆ ಮಾಡಲು ಮನಸ್ಸು ಬರಲಿಲ್ಲ. ಊಟದ ಮೇಜು ಮಾಡಿಸೋಣ ಅಂತ ಮಿಲ್ಲಿನಲ್ಲಿ ಒಂದೂವರೆ ಇಂಚಿನ ಹಲಗೆ ಕೊಯ್ಸಿದೆ. ಮನೆಗೆ ಬಂದ ದಿನ ಆ ಹಲಗೆಗಳದ್ದು ಬೆಣ್ಣೆಯ ಬಣ್ಣ. ಆದರೆ ಅದೇ ವಾರ ಮನೆಯಲ್ಲಿ ಮದುವೆಯ ಓಡಾಟ. ಜಗಲಿಯಲ್ಲಿ ಒಂದರ ಮೇಲೊಂದು ಪೇರಿಸಿ, ಇರಚಲು ಬಡಿಯಬಾರದು ಅಂತ ಟಾರ್ಪಾಲು ಹೊದಿಸಿ ಬಿಟ್ಟುಬಿಟ್ಟೆ. ಒಂಬತ್ತು ದಿನ ಕಳೆದು ಟಾರ್ಪಾಲು ಎತ್ತಿದರೆ ಹಳಸಿದ ಹಿಟ್ಟಿನ ವಾಸನೆ, ಹಲಗೆಗಳ ನಡುವೆ ಬೂದು ಬಣ್ಣದ ನವಿರು ಬೂಷ್ಟು. ಬಟ್ಟೆಯಲ್ಲಿ ಒರೆಸಿದೆ, ಬೂಷ್ಟು ಹೋಯಿತು. ಅದರ ಕೆಳಗೆ ಶಾಯಿ ಚೆಲ್ಲಿದ ಹಾಗೆ ನೀಲಿ ಕಪ್ಪು ಗೆರೆಗಳು ಮಾತ್ರ ಹೋಗಲಿಲ್ಲ.

ಆಚಾರ್ರು ಪ್ಲೇನರ್ ಹೊಡೆದು ನೋಡಿದರು. ಮೂರು ಮಿಲಿಮೀಟರ್ ಹೋದರೂ ಗೆರೆ ಹಾಗೇ ಇತ್ತು. "ಅಣ್ಣಾ, ಇದು ಒಳಗೇ ಹೋಗಿದೆ. ಉಜ್ಜಿದಷ್ಟೂ ನಿಮ್ಮ ಹಲಗೆ ತೆಳು ಆಗ್ತದೆ ಅಷ್ಟೆ" ಅಂದರು. ಒಂದು ಹಲಗೆಯ ತುದಿ ಅಡ್ಡ ಕೊಯ್ದು ತೋರಿಸಿದರು. ಹಲಸಿನ ಹಣ್ಣನ್ನು ಅಡ್ಡ ಸೀಳಿದಾಗ ಸೊಳೆಗಳು ಗೂಂಜಿನ ಕಡೆ ಕಿರಿದಾಗುತ್ತಾ ಹೋಗುತ್ತವಲ್ಲ, ಹಾಗೆ ಹೊರಗೆ ಅಗಲ, ಒಳಗೆ ಚೂಪು, ನೀಲಿ ಬಣ್ಣ ತಿರುಳಿನ ಕಡೆಗೆ ಇಳಿದಿತ್ತು.

ಆಮೇಲೆ ನಾನು ಯಾರನ್ನು ಕೇಳಿದರೂ ಒಂದೊಂದು ಎಣ್ಣೆಯ ಹೆಸರು. ಬೇವಿನ ಎಣ್ಣೆ ಬಳಿಯಬೇಕಿತ್ತು, ಹೊಂಗೆ ಎಣ್ಣೆ ಬೆಸ್ಟು, ಗೇರುಬೀಜದ ಸಿಪ್ಪೆ ಎಣ್ಣೆ ಹಾಕಿದ್ರೆ ಏನೂ ಬರಲ್ಲ ಅಂತ. ಒಂದೊಂದನ್ನೇ ಓದಿ, ಕೇಳಿ, ರಬ್ಬರ್ ಮರದ ತುಂಡುಗಳ ಮೇಲೆ ಮಾಡಿ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: "ಯಾವ ಎಣ್ಣೆ" ಅನ್ನುವುದು ಎರಡನೇ ಪ್ರಶ್ನೆ. ಹಲಗೆ ಈಗ ಹಸಿಯೋ ಒಣಗಿದೆಯೋ ಅನ್ನುವುದು ಮೊದಲನೇದು. ಹಸಿ ಹಲಗೆಗೆ ಹಾಕುವ ಮದ್ದೇ ಬೇರೆ, ಒಣ ಹಲಗೆಗೆ ಬಳಿಯುವುದೇ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸುವುದರಿಂದಲೇ ಇಷ್ಟೊಂದು ಹಲಗೆ ಹಾಳಾಗುವುದು.

ಮೊದಲು ಈ ಕಲೆ ಏನು ಅಂತ ತಿಳಿಯಬೇಕು

ಇದು ಮರವನ್ನು ಕೊಳೆಸಿ ಕುಂಬು ಮಾಡುವ ಶಿಲೀಂಧ್ರ ಅಲ್ಲ. ಮರದ ಹೊರಗಿನ ಬಿಳಿ ಭಾಗದಲ್ಲಿ ಸಕ್ಕರೆ, ಪಿಷ್ಟ ಇರುತ್ತದೆ. ಈ ಶಿಲೀಂಧ್ರಕ್ಕೆ ಬೇಕಾದದ್ದು ಅದೇ, ಮರದ ನಾರಲ್ಲ. ಹಾಗಾಗಿ ಹಲಗೆಯ ಬಲ ಹೆಚ್ಚು ಕಡಿಮೆ ಆಗುವುದಿಲ್ಲ, ಜೋರು ಏಟು ತಡೆಯುವ ಶಕ್ತಿ ಮಾತ್ರ ಸ್ವಲ್ಪ ತಗ್ಗಬಹುದು. ಹೋಗುವುದು ಅಂದ. ಇನ್ನೊಂದು ತೊಂದರೆ ಇದೆ, ಕಲೆ ಹಿಡಿದ ಜಾಗ ಹೆಚ್ಚು ಹೀರುವುದರಿಂದ ಪಾಲಿಶ್ ಅಲ್ಲಿ ಒಂದು ಥರ, ಪಕ್ಕದಲ್ಲಿ ಇನ್ನೊಂದು ಥರ ಕೂರುತ್ತದೆ. ರಬ್ಬರ್ ಮರದಲ್ಲಿ ಇದನ್ನು ಮಾಡುವ ಮುಖ್ಯ ಆಸಾಮಿ ಲ್ಯಾಸಿಯೋಡಿಪ್ಲೋಡಿಯಾ ಥಿಯೋಬ್ರೋಮೆ ಎಂಬ ಶಿಲೀಂಧ್ರ. ಅದರ ಎಳೆಗಳ ನಿಜವಾದ ಬಣ್ಣ ಕಂದು. ಮರದೊಳಗೆ ಬೆಳಕು ಚದುರುವ ರೀತಿಯಿಂದ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ, ಕೈಯ ನರದಲ್ಲಿ ಹರಿಯುವ ರಕ್ತ ನೀಲಿ ಕಂಡ ಹಾಗೆ.

ಇದು ಬೆಳೆಯಲು ಮರದಲ್ಲಿ ಸುಮಾರು 20 ಶೇಕಡಾಕ್ಕಿಂತ ಜಾಸ್ತಿ ತೇವ ಇರಬೇಕು, ಹವೆ ಬೆಚ್ಚಗಿರಬೇಕು, ಗಾಳಿಯಲ್ಲಿನ ಆಮ್ಲಜನಕ ಬೇಕು. ಆಗ ತಾನೇ ಕೊಯ್ದ ಮಾವು, ರಬ್ಬರ್ ಹಲಗೆಯಲ್ಲಿ ತೇವ 60 ಶೇಕಡಾ ದಾಟಿರುವುದು ಸಾಮಾನ್ಯ. ಕರಾವಳಿಯ ಮಳೆಗಾಲದ ಹವೆಯಂತೂ ಅದಕ್ಕೆ ಹೇಳಿ ಮಾಡಿಸಿದ್ದು. ಬಯಲುಸೀಮೆಯಲ್ಲಿ ಮಾರ್ಚ್ ತಿಂಗಳಲ್ಲಿ ಕೊಯ್ಸಿದವರು "ನಮಗೆ ಏನೂ ಹಾಕದೆ ಚೆನ್ನಾಗೇ ಬಂತು" ಅಂದರೆ ಅದು ನಿಜ, ಅಲ್ಲಿ ಬಿಸಿಲೇ ಮದ್ದು.

ಎಲ್ಲ ಮರಕ್ಕೂ ಒಂದೇ ಭಯ ಇಲ್ಲ. ಸಾಗುವಾನಿ, ಬೀಟೆ, ಹಲಸು, ಇವುಗಳ ಚೇಗಿಗೆ (ನಡುವಿನ ಗಟ್ಟಿ ಭಾಗಕ್ಕೆ) ನೀಲಿ ಹಿಡಿಯುವುದಿಲ್ಲ, ಅಂಚಿನ ಬಿಳಿ ಪಟ್ಟಿಗೆ ಮಾತ್ರ ಹಿಡಿಯುತ್ತದೆ. ಅದನ್ನು ಕೊಯ್ದು ತೆಗೆದರೆ ಕಥೆ ಮುಗಿಯಿತು. ಕಷ್ಟ ಇರುವುದು ರಬ್ಬರ್, ಮಾವು, ಕಾಫಿ ತೋಟದ ಸಿಲ್ವರ್ ಓಕ್, ಚನ್ನಪಟ್ಟಣದ ಆಟಿಕೆಗೆ ಬಳಸುವ ಹಾಲೆ ಮರ, ಇಂಥ ತಿಳಿ ಬಣ್ಣದವುಗಳಲ್ಲಿ. ರಬ್ಬರಿನಲ್ಲಿ ಬಿಳಿ ಭಾಗ ಬೇರೆ, ಚೇಗು ಬೇರೆ ಅಂತ ಕಾಣುವುದೇ ಇಲ್ಲ. ಇಡೀ ದಿಮ್ಮಿಯೇ ಶಿಲೀಂಧ್ರಕ್ಕೆ ಊಟ. ಸುಳ್ಯ, ಪುತ್ತೂರು, ಕಡಬ, ಬೆಳ್ತಂಗಡಿ ಕಡೆ 25-30 ವರ್ಷ ಹಾಲು ತೆಗೆದ ಮೇಲೆ ಕಡಿಯುವ ರಬ್ಬರ್ ಮರ ಬೇಕಾದಷ್ಟು ಸಿಗುತ್ತದೆ, ಚೆಂದದ ಕೆನೆ ಬಣ್ಣದ ಮರ, ಆದರೆ ಕಡಿದು ಕೊಯ್ದ 24ರಿಂದ 48 ಗಂಟೆಯೊಳಗೆ ಮದ್ದು ಕಾಣಿಸದಿದ್ದರೆ ಕೈ ಬಿಟ್ಟ ಹಾಗೆಯೇ.

ನಿಮ್ಮ ಹಲಗೆಯಲ್ಲಿರುವ ಕಪ್ಪು ಕಲೆ ಶಿಲೀಂಧ್ರದ್ದೇ ಹೌದಾ ಅಂತ ಕೂಡ ನೋಡಿ. ಕಬ್ಬಿಣದ ಮೊಳೆ, ಗರಗಸದ ಬ್ಲೇಡು, ಒದ್ದೆ ಕಬ್ಬಿಣದ ಬೆಂಚು ತಾಗಿದರೂ ಒಗರು ಇರುವ ಮರ ನೀಲಿಗಪ್ಪು ಆಗುತ್ತದೆ. ಕಲೆಯ ಮೇಲೆ ಲಿಂಬೆ ಹಣ್ಣು ಹಿಂಡಿ ಹತ್ತು ನಿಮಿಷ ಬಿಡಿ. ಮಾಸಿದರೆ ಕಬ್ಬಿಣದ ಕಲೆ, ಆಕ್ಸಾಲಿಕ್ ಆಮ್ಲದಲ್ಲಿ ತೊಳೆದರೆ ಪೂರ್ತಿ ಹೋಗುತ್ತದೆ. ಕದಲದೆ ಕೂತಿದ್ದರೆ ಅದು ಶಿಲೀಂಧ್ರ.

ಹಸಿ ಹಲಗೆಗೆ: ಯಾವುದು ಎಷ್ಟು ದಿನ ಕಾಯುತ್ತದೆ

ಹಸಿ ಹಲಗೆಗೆ ಹಾಕುವ ಯಾವ ನೈಸರ್ಗಿಕ ಮದ್ದೂ ಶಾಶ್ವತ ಅಲ್ಲ. ಹಲಗೆ 20 ಶೇಕಡಾಕ್ಕಿಂತ ಕೆಳಗೆ ಒಣಗುವ ತನಕ ನಮಗೆ ಒಂದಷ್ಟು ದಿನ ಗಳಿಸಿಕೊಡುವುದು, ಅದರ ಕೆಲಸ ಅಷ್ಟೇ. ಈ ಲೆಕ್ಕದಲ್ಲೇ ಒಂದೊಂದನ್ನೂ ನೋಡಬೇಕು.

ಮೊದಲನೆಯದು ಏನೂ ಹಾಕದೆ ಬೇಗ ಒಣಗಿಸುವುದು. ಇದನ್ನು ಯಾರೂ ಮದ್ದು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ನನ್ನ ಪ್ರಕಾರ ಇದೇ ದೊಡ್ಡ ಮದ್ದು. ಮಿಲ್ಲಿನಿಂದ ಬಂದ ದಿನವೇ ಹಲಗೆಯ ಮೇಲಿನ ಮರದ ಪುಡಿ ಗುಡಿಸಿ (ಒದ್ದೆ ಪುಡಿ ಇದ್ದಲ್ಲೇ ಬೂಷ್ಟು ಮೊದಲು ಏಳುವುದು), ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಒಂದೊಂದು ಹಲಗೆಯ ನಡುವೆ ಒಂದು ಇಂಚಿನ ಒಣ ರೀಪು ಇಟ್ಟು ಪೇರಿಸಬೇಕು. ರೀಪುಗಳ ನಡುವೆ ಎರಡು ಅಡಿ ಅಂತರ, ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ರೀಪು ಒಣಗಿದ್ದೇ ಆಗಬೇಕು, ಹಸಿ ರೀಪು ಇಟ್ಟರೆ ಅದು ತಾಗಿದಲ್ಲೆಲ್ಲ ಅಡ್ಡ ಪಟ್ಟೆ ಮೂಡುತ್ತದೆ. ಮೇಲೆ ಮಾಡು (ಸೂರು) ಬೇಕು, ಸುತ್ತ ಗೋಡೆ ಬೇಡ. ಟಾರ್ಪಾಲು ಮೈಗೆ ತಾಗುವ ಹಾಗೆ ಹೊದಿಸಲೇಬೇಡಿ. ಮಳೆಗಾಲದಲ್ಲಿ ಒಂದು ಪೆಡೆಸ್ಟಲ್ ಫ್ಯಾನನ್ನು ಮೊದಲ ಒಂದು ವಾರ ಹಗಲು ರಾತ್ರಿ ಪೇರಿಸಿದ ಹಲಗೆಗಳ ಬದಿಗೆ ತಿರುಗಿಸಿ ಇಡಿ. ಕರೆಂಟು ಬಿಲ್ಲು ಬರುವುದು ಒಂದು ಲೀಟರ್ ಒಳ್ಳೆ ಎಣ್ಣೆಗಿಂತ ಕಡಿಮೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಹಲಗೆ ಇಡುತ್ತಿದ್ದರಲ್ಲ, ಬಿಸಿಯಿಂದ ಒಣಗುವುದು ಒಂದು ಕಡೆ, ಹೊಗೆಯಲ್ಲಿರುವ ಫೀನಾಲ್ ಥರದ ಅಂಶಗಳು ಮೈಗೆ ಹಿಡಿದು ಬೂಷ್ಟು ಬರದಂತೆ ತಡೆಯುವುದು ಇನ್ನೊಂದು ಕಡೆ. ಈಗ ಒಲೆ ಇಲ್ಲ. ಆದರೆ ರಬ್ಬರ್ ಶೀಟ್ ಒಣಗಿಸುವ ಸ್ಮೋಕ್ ಹೌಸ್ ಇದ್ದವರ ಮನೆಯಲ್ಲಿ ಅದೇ ಕೆಲಸ ಆಗುತ್ತದೆ. ಚಿಕ್ಕ ಹಲಗೆಗಳಿಗೆ, ಕುರ್ಚಿಯ ಕಾಲಿಗೆ ಸಾಕು. ಮೇಲ್ಮೈ ಕಂದಾಗುತ್ತದೆ, ಒಂದು ಸಲ ಪ್ಲೇನರ್ ಹೊಡೆದರೆ ಬಿಳಿ ಬರುತ್ತದೆ. ಬೆಂಕಿ ಮಾತ್ರ ಸಣ್ಣಗಿರಲಿ, ಒಮ್ಮೆಲೇ ಬಿಸಿ ಕೊಟ್ಟರೆ ಹಲಗೆ ಸೀಳುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಸೋಲಾರ್ ಶೆಡ್ ಕೂಡ ಆಗುತ್ತದೆ, ಆದರೆ ಎರಡು ತುದಿಯೂ ತೆರೆದಿರಬೇಕು. ಮುಚ್ಚಿದ ಶೆಡ್ಡಿನೊಳಗೆ ಹಸಿ ಹಲಗೆ ಇಟ್ಟರೆ ಅದು ಬೂಷ್ಟಿನ ನರ್ಸರಿ.

ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ, ನೀರಿನಲ್ಲಿ ಮುಳುಗಿಸುವುದು. ಇದು ಹಲಗೆಗಲ್ಲ, ದಿಮ್ಮಿಗೆ. ಕೊಯ್ಸಲು ಈಗಲೇ ಆಗುವುದಿಲ್ಲ ಅಂದರೆ ಕೆರೆಗೋ ಹೊಳೆಗೋ ಹಾಕುವ ರೂಢಿ ಹಿಂದಿನಿಂದ ಇದೆ. ಪೂರ್ತಿ ಮುಳುಗಿದ ಮರಕ್ಕೆ ಆಮ್ಲಜನಕ ಸಿಗುವುದಿಲ್ಲ, ಹಾಗಾಗಿ ಶಿಲೀಂಧ್ರ ಬದುಕುವುದಿಲ್ಲ, ಜೊತೆಗೆ ಸಕ್ಕರೆ ಅಂಶವೂ ನಿಧಾನಕ್ಕೆ ನೀರಿಗೆ ಬಿಡುತ್ತದೆ. ಖರ್ಚಿಲ್ಲದ ಉಪಾಯ, ತಿಂಗಳುಗಟ್ಟಲೆ ಕಾಯಬಹುದು. ಆದರೆ ಮಾವು, ರಬ್ಬರ್ ಎರಡೂ ತೇಲುತ್ತವೆ. ನೀರಿನ ಮೇಲೆ ಒಂದು ಗೇಣು ಬೆನ್ನು ಕಂಡರೂ ಅಷ್ಟು ಭಾಗಕ್ಕೆ ನೀಲಿ ಹಿಡಿಯುತ್ತದೆ, ಕಲ್ಲು ಹೇರಿ ಮುಳುಗಿಸಬೇಕು. ಮೇಲೆತ್ತಿದ ಮೇಲೆ ಒಂದು ದಿನವೂ ಬಿಡದೆ ಕೊಯ್ಸಿ ಗಾಳಿಗೆ ಹಾಕಬೇಕು. ವಾಸನೆ ಬರುತ್ತದೆ, ಒಣಗಿದ ಮೇಲೆ ಹೋಗುತ್ತದೆ. ಜಾಗ ಇದ್ದವರು, ಹತ್ತಾರು ದಿಮ್ಮಿ ಇದ್ದವರು ಬೇರೆ ಏನನ್ನೂ ಯೋಚಿಸದೆ ಇದನ್ನೇ ಮಾಡಬಹುದು.

ಬಿಳಿಗಾರದ ಮಾತು ಸ್ವಲ್ಪ ಉದ್ದ ಇದೆ, ಯಾಕಂದರೆ ಅದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಅಕ್ಕಸಾಲಿಗರು ಬೆಸುಗೆಗೆ ಹಾಕುವ ಬಿಳಿಗಾರವೇ ಬೋರಾಕ್ಸ್. ಗಿಡದಿಂದ ಬಂದದ್ದಲ್ಲ, ನೆಲದಿಂದ ತೆಗೆಯುವ ಉಪ್ಪು, ಲಡಾಖಿನ ಪುಗಾ ಕಣಿವೆಯಲ್ಲಿ ಸಿಗುತ್ತದೆ. ಅದನ್ನು ನೈಸರ್ಗಿಕ ಅನ್ನಬೇಕಾ ಬೇಡವಾ ಅಂತ ವಾದ ಮಾಡುವವರಿದ್ದಾರೆ. ನನಗೆ ಆ ವಾದಕ್ಕಿಂತ ಮುಖ್ಯವಾದದ್ದು ಅದರ ಬದಲಿಗೆ ಏನಿತ್ತು ಅನ್ನುವುದು. 1933ರಲ್ಲಿ ಸೊಂಟಿ ಕಾಮೇಶಂ ಎಂಬ ನಮ್ಮ ದೇಶದ ವಿಜ್ಞಾನಿ ಡೆಹ್ರಾಡೂನಿನಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರದ ಮದ್ದು ಕಂಡುಹಿಡಿದರು. ಅದು ಇಡೀ ಜಗತ್ತಿಗೆ ಹೋಯಿತು, ಕಂಬಕ್ಕೆ ಬೇಲಿಗೆ ಅದ್ಭುತ. ಆದರೆ ಮರ ಹಸಿರಾಗುತ್ತದೆ, ಒಳಗೆ ಆರ್ಸೆನಿಕ್ ಇದೆ, ಮಂಚಕ್ಕೆ ಮೇಜಿಗೆ ಅದು ಸಲ್ಲ. ರಬ್ಬರ್ ಮರದ ನೀಲಿಗೆ ಮಿಲ್ಲುಗಳು ಬಳಸುತ್ತಿದ್ದದ್ದು ಸೋಡಿಯಂ ಪೆಂಟಾಕ್ಲೋರೋಫಿನೇಟ್. ನೀಲಿ ತಡೆಯುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ, ವಿಷ ಕೂಡ ಅಷ್ಟೇ. ಪೆಂಟಾಕ್ಲೋರೋಫಿನಾಲ್ ಮತ್ತು ಅದರ ಲವಣಗಳನ್ನು 2015ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕರಗದೆ ಉಳಿಯುವ ವಿಷಗಳನ್ನು ಕೈಬಿಡಲು ದೇಶಗಳು ಮಾಡಿಕೊಂಡ ಒಪ್ಪಂದ) ಪಟ್ಟಿಗೆ ಸೇರಿಸಿದರು. ಯಾರಾದರೂ ಹಳೆ ಡಬ್ಬಿಯಿಂದ ಕೊಟ್ಟರೆ ಬೇಡ ಅನ್ನಿ.

ಹೀಗಾಗಿ ಉಳಿದದ್ದು ಬೋರಿಕ್ ಆಮ್ಲ ಮತ್ತು ಬಿಳಿಗಾರದ ಜೋಡಿ. ತೂಕದಲ್ಲಿ ಒಂದು ಪಾಲು ಬೋರಿಕ್, ಒಂದೂವರೆ ಪಾಲು ಬಿಳಿಗಾರ. 10 ಲೀಟರ್ ಬಿಸಿ ನೀರಿಗೆ 200 ಗ್ರಾಂ ಬೋರಿಕ್, 300 ಗ್ರಾಂ ಬಿಳಿಗಾರ ಹಾಕಿದರೆ 5 ಶೇಕಡಾ. ಮರ ಕೊರೆಯುವ ಕುಟ್ಟೆ ಹುಳಕ್ಕೆ, ಕುಂಬಾಗುವುದಕ್ಕೆ ಇದು ಪಕ್ಕಾ ಮದ್ದು. ಬಣ್ಣ ಇಲ್ಲ, ವಾಸನೆ ಇಲ್ಲ, ಪಾಲಿಶ್‌ಗೆ ಅಡ್ಡಿ ಇಲ್ಲ. ಆದರೆ ಮೇಲ್ಮೈ ಬೂಷ್ಟು ಮತ್ತು ನೀಲಿಗೆ ಇದೊಂದೇ ಸಾಲುವುದಿಲ್ಲ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮಿಲ್ಲುಗಳು ಬೋರಾಕ್ಸ್ ಜೊತೆಗೆ ಆ ಪೆಂಟಾಕ್ಲೋರೋ ಸೇರಿಸುತ್ತಿದ್ದದ್ದೇ ಈ ಕಾರಣಕ್ಕೆ. ಇನ್ನೂ ಒಂದು ಸಿಕ್ಕು: ಬೋರಾಕ್ಸ್ ಒಳಗೆ ಇಳಿಯಬೇಕಾದರೆ ಅದ್ದಿದ ಹಲಗೆಯನ್ನು ಒದ್ದೆಯಾಗಿಯೇ ಒತ್ತಾಗಿ ಪೇರಿಸಿ, ಮುಚ್ಚಿ, ವಾರಗಟ್ಟಲೆ ಇಡಬೇಕು ಅಂತ ಪುಸ್ತಕ ಹೇಳುತ್ತದೆ. ನೀಲಿ ಬರಬೇಕಾದರೂ ಮಾಡಬೇಕಾದದ್ದು ಸರಿಯಾಗಿ ಅದನ್ನೇ!

ನಾನು ಮಾಡುವುದು ಹೀಗೆ. ಮಳೆಗಾಲದಲ್ಲಿ ಬೋರಿಕ್ ಹಾಕುವುದಿಲ್ಲ. 10 ಲೀಟರಿಗೆ 300 ಗ್ರಾಂ ಬಿಳಿಗಾರ, 300 ಗ್ರಾಂ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ). ಸೋಡಾ ಕ್ಷಾರ, ಬೋರಿಕ್ ಹುಳಿ, ಎರಡೂ ಸೇರಿದರೆ ಕ್ಷಾರ ಗುಣ ಕುಗ್ಗುತ್ತದೆ, ನೀಲಿಯನ್ನು ತಡೆಯುವುದು ಆ ಕ್ಷಾರವೇ. ಈ ಶಿಲೀಂಧ್ರಗಳಿಗೆ ಸ್ವಲ್ಪ ಹುಳಿ ಮೈ ಇಷ್ಟ. ಸೋಡಾ ನೀರಲ್ಲಿ ಹಲಗೆ ಅದ್ದುವುದು ದೊಡ್ಡ ದೊಡ್ಡ ರಾಸಾಯನಿಕಗಳು ಬರುವ ಮೊದಲೇ ಮಿಲ್ಲುಗಳಲ್ಲಿ ಇದ್ದ ಪದ್ಧತಿ. ಉದ್ದದ ಹಳ್ಳ ತೋಡಿ ದಪ್ಪ ಪ್ಲಾಸ್ಟಿಕ್ ಹಾಸಿದರೆ ಅದೇ ತೊಟ್ಟಿ. ಹಲಗೆಯನ್ನು ಅರ್ಧ ಗಂಟೆ ಮುಳುಗಿಸಿ ತೆಗೆದು ನೇರವಾಗಿ ರೀಪಿನ ಮೇಲೆ, ಫ್ಯಾನಿನ ಮುಂದೆ. ಮೊದಲು ಒಂದು ತುಂಡಿನ ಮೇಲೆ ನೋಡಿ, ಹಲಸು, ಸಾಗುವಾನಿ, ಅಕೇಶಿಯಾ ಥರದ ಒಗರು ಮರ ಸೋಡಾ ತಾಗಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ರಬ್ಬರಿಗೆ, ಸಿಲ್ವರ್ ಓಕಿಗೆ ಸ್ವಲ್ಪ ಹಳದಿ ಬಂದರೂ ಪ್ಲೇನರಿಗೆ ಹೋಗುತ್ತದೆ. ಬೋರಿಕ್ ಬೇಕೇಬೇಕು ಅನ್ನುವವರು ಹಲಗೆ ಅರ್ಧ ಒಣಗಿದ ಮೇಲೆ ಇನ್ನೊಂದು ಸಲ ಬಿಸಿ ದ್ರಾವಣದಲ್ಲಿ ಅದ್ದಿ ಮತ್ತೆ ಒಣಗಿಸಬಹುದು. ಕೈಗೆ ಗ್ಲೌಸ್ ಹಾಕಿ, ಮಕ್ಕಳನ್ನು, ದನಗಳನ್ನು ತೊಟ್ಟಿಯ ಹತ್ತಿರ ಬಿಡಬೇಡಿ, ಉಳಿದ ನೀರನ್ನು ಅಡಿಕೆ ಬುಡಕ್ಕೆ ಸುರಿಯಬೇಡಿ, ಬೋರಾನ್ ಜಾಸ್ತಿ ಆದರೆ ಗಿಡಕ್ಕೆ ವಿಷ. ಮಗು ಬಾಯಿಗಿಡುವ ಆಟಿಕೆ, ತರಕಾರಿ ಹೆಚ್ಚುವ ಮಣೆ, ಇವಕ್ಕೆ ಬಿಳಿಗಾರ ಹಾಕಿದ ಹಲಗೆ ಬೇಡವೇ ಬೇಡ.

ಸುಣ್ಣದ ತಿಳಿ ಕೂಡ ಇದೇ ಕ್ಷಾರದ ಲೆಕ್ಕಕ್ಕೆ ಬರುತ್ತದೆ. ಅಗ್ಗ, ಆದರೆ ಗಾಳಿಗೆ ಒಂದೆರಡು ದಿನದಲ್ಲಿ ಅದರ ಕ್ಷಾರ ಇಳಿದು ಬರೀ ಚಾಕ್ ಆಗುತ್ತದೆ, ಪ್ಲೇನರ್ ಬ್ಲೇಡು ಬೇಗ ಮೊಂಡಾಗುತ್ತದೆ. ದಿಮ್ಮಿಯ ತುದಿಗೆ ಬಳಿಯಲು ಮಾತ್ರ ಇಟ್ಟುಕೊಳ್ಳಿ. ತುದಿಗೆ ಸಗಣಿ ಮೆತ್ತುವುದು ಸೀಳು ಬಾರದಿರಲಿ ಅಂತ, ಬೂಷ್ಟಿಗೆ ಅದು ಮದ್ದಲ್ಲ.

ಈಗ ಎಲ್ಲರೂ ಕೇಳುವ ಬೇವು, ಹೊಂಗೆ. ಬೇವಿನ ಎಣ್ಣೆಯ ಹೆಸರು ದೊಡ್ಡದು, ಆದರೆ ಅದರ ನಿಜವಾದ ಶಕ್ತಿ ಹುಳದ ಮೇಲೆ. ಅದರಲ್ಲಿರುವ ಅಜಾಡಿರಾಕ್ಟಿನ್ ಕೀಟಕ್ಕೆ ಊಟ ಬೇಡ ಅನಿಸುತ್ತದೆ, ಬೆಳವಣಿಗೆ ಕೆಡಿಸುತ್ತದೆ. ಶಿಲೀಂಧ್ರದ ಮೇಲೆ ಕೆಲಸ ಇದೆ, ಆದರೆ ನಿಧಾನಿಸುತ್ತದೆ ಅಷ್ಟೆ, ತಡೆಯುವುದಿಲ್ಲ. ಹೊಂಗೆಯಲ್ಲಿರುವ ಕರಂಜಿನ್ ಕೂಡ ಅದೇ ಸಾಲಿಗೆ. ನಾನು ರಬ್ಬರ್ ತುಂಡುಗಳ ಮೇಲೆ ಮಾಡಿ ನೋಡಿದಾಗ, ಲೀಟರ್ ನೀರಿಗೆ 20 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪು ಕದಡಿ ಅದ್ದಿದ ತುಂಡಿಗೆ ಏನೂ ಹಾಕದ ತುಂಡಿಗಿಂತ ಮೂರು ನಾಲ್ಕು ದಿನ ತಡವಾಗಿ ನೀಲಿ ಬಂತು. ಬಂತು ಅನ್ನುವುದು ಮುಖ್ಯ. ಬಿಸಿಲಿನ ತಿಂಗಳಲ್ಲಿ ಆ ಮೂರು ನಾಲ್ಕು ದಿನವೇ ಸಾಕಾಗಬಹುದು, ಆಷಾಢದಲ್ಲಿ ಸಾಕಾಗುವುದಿಲ್ಲ.

ನೀರಿಗೆ ಕದಡದೆ ಬರೀ ಎಣ್ಣೆಯನ್ನೇ ಹಸಿ ಹಲಗೆಗೆ ದಪ್ಪಗೆ ಬಳಿಯುವುದು ಇದೆಯಲ್ಲ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಣ್ಣೆ ಮೇಲೆ ಪದರ ಕಟ್ಟಿ ಒಳಗಿನ ತೇವ ಹೊರಬರಲು ಬಿಡುವುದಿಲ್ಲ. ಶಿಲೀಂಧ್ರ ಆಗಲೇ ಒಳಗೆ ಸೇರಿಕೊಂಡಿರುತ್ತದೆ. ಮೇಲೆ ಹೊಳೆಯುವ ಹಲಗೆ, ಒಳಗೆ ನೀಲಿ. ಪರಿಚಯದ ಒಬ್ಬರು ಹೀಗೆ ಮಾಡಿ ಇಡೀ ಮಂಚದ ಹಲಗೆ ಕಳೆದುಕೊಂಡರು, ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ಲವಂಗ, ದಾಲ್ಚಿನ್ನಿ, ಮಜ್ಜಿಗೆ ಹುಲ್ಲಿನ ಎಣ್ಣೆಗಳು ಶಿಲೀಂಧ್ರವನ್ನು ನಿಜವಾಗಿಯೂ ಕೊಲ್ಲುತ್ತವೆ, ಪ್ರಯೋಗಾಲಯದ ತಟ್ಟೆಯಲ್ಲಿ ಬೇವಿಗಿಂತ ಎಷ್ಟೋ ಮುಂದೆ. ಲವಂಗದ ಯೂಜಿನಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್ ಮಾಡುವ ಕೆಲಸ ಅದು. ಆದರೆ ಅವು ಹಾರಿಹೋಗುವ ಎಣ್ಣೆಗಳು. ಫ್ಯಾನ್ ಇಟ್ಟು ಒಣಗಿಸುವ ಹಲಗೆಯಿಂದ ಮೊದಲು ಹಾರುವುದೇ ಅವು. ಲೀಟರಿಗೆ ಸಾವಿರಗಟ್ಟಲೆ ರೂಪಾಯಿ ಬೇರೆ. ಒಂದು ಚಿಕ್ಕ ಪೆಟ್ಟಿಗೆಗೆ ಆದೀತು, ಮೇಜಿಗೆ ಅಲ್ಲ.

ಇದ್ದಿಲು ಸುಡುವಾಗ ಹೊಗೆಯನ್ನು ತಣಿಸಿ ಹಿಡಿದ ಹುಳಿ ನೀರು, ಮರದ ವಿನೆಗರ್ ಅನ್ನುತ್ತಾರಲ್ಲ, ಅದು ಬೂಷ್ಟಿಗೆ ಒಳ್ಳೆಯದೇ, ಅಟ್ಟದ ಹೊಗೆಯನ್ನೇ ಬಾಟಲಿಗೆ ತುಂಬಿದ ಹಾಗೆ. ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವವರಿಗೆ ಸುಲಭಕ್ಕೆ ಸಿಗುತ್ತದೆ. ಬಣ್ಣ ಚಹಾದ ಹಾಗೆ, ವಾಸನೆ ತಿಂಗಳುಗಟ್ಟಲೆ. ಕಬ್ಬಿಣದ ಡ್ರಮ್ಮಿನಲ್ಲಿ ಇಡಬೇಡಿ, ಡ್ರಮ್ಮೂ ಹೋಗುತ್ತದೆ, ಒಗರು ಮರವೂ ಕಪ್ಪಾಗುತ್ತದೆ. ಮಲಗುವ ಕೋಣೆಯ ಕಪಾಟಿಗೆ ನಾನಂತೂ ಹಾಕುವುದಿಲ್ಲ.

ಸಿಗಡಿ ಸಿಪ್ಪೆಯಿಂದ ಮಾಡುವ ಕೈಟೊಸಾನ್ ಬಗ್ಗೆ ನನಗೆ ಆಸೆ ಇದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಅದನ್ನು ತಯಾರಿಸುವ ವಿಧಾನ ಅಭಿವೃದ್ಧಿಪಡಿಸಿದೆ. ತೆಳು ವಿನೆಗರಿನಲ್ಲಿ ಕರಗಿಸಿ ಬಳಿದರೆ ಬಣ್ಣವಿಲ್ಲದ ತೆಳು ಪೊರೆ ಆಗುತ್ತದೆ, ಶಿಲೀಂಧ್ರದ ಬೆಳವಣಿಗೆ ತಗ್ಗುತ್ತದೆ. ಚಿಕ್ಕ ಪ್ರಮಾಣದಲ್ಲಿ ಕೊಳ್ಳುವವರಿಗೆ ದುಬಾರಿ, ಸದ್ಯಕ್ಕೆ ಅಷ್ಟೇ ತಕರಾರು. ಅಡಿಕೆ ತೋಟಕ್ಕೆ ತಂದ ಟ್ರೈಕೋಡರ್ಮಾ ಎಂಬ ಮಿತ್ರ ಶಿಲೀಂಧ್ರವನ್ನು ಹಲಗೆಗೆ ಹೊಡೆಯಬಹುದಾ ಅಂತ ಕೇಳುವವರೂ ಇದ್ದಾರೆ. ಬೇಡ, ಅದರ ಬೀಜಕಗಳೇ ಹಸಿರು, ನೀಲಿ ಹೋಗಿ ಹಸಿರು ಬಂತು ಅಂತ ಆಗುತ್ತದೆ.

ಒಣಗಿದ ಮೇಲೆ

ಒಣಗಿದೆ ಅಂತ ಗೊತ್ತಾಗುವುದು ಹೇಗೆ? ಮೀಟರ್ ಇದ್ದರೆ ಸುಲಭ. ಇಲ್ಲದಿದ್ದರೆ ಹಲಗೆಯ ನಡುಭಾಗದಿಂದ ಒಂದು ತುಂಡು ಕೊಯ್ದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಓವನ್‌ನಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು ಮತ್ತೆ ತೂಗಿ. ಮೊದಲು 640 ಗ್ರಾಂ ಇದ್ದದ್ದು 500ಕ್ಕೆ ನಿಂತರೆ, ಹೋದ 140ನ್ನು 500ರಿಂದ ಭಾಗಿಸಿ, 28 ಶೇಕಡಾ. ಇನ್ನೂ ಹಸಿ ಅಂತ ಅರ್ಥ. ಕರಾವಳಿಯಲ್ಲಿ ಮಳೆಗಾಲದ ಹವೆಗೆ ಹಲಗೆ ಸುಮಾರು 16-18ಕ್ಕಿಂತ ಕೆಳಗೆ ಇಳಿಯುವುದೇ ಕಷ್ಟ, ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ 10-12ಕ್ಕೆ ಬರುತ್ತದೆ. ಮಂಗಳೂರಲ್ಲಿ ಮಾಡಿಸಿದ ಕಪಾಟು ಬೆಂಗಳೂರಿಗೆ ಹೋಗಿ ಸಂದಿ ಬಿಡುವುದು ಇದರಿಂದಲೇ. ಮರ ಯಾವುದು, ಎಷ್ಟು ಒಣಗಿದೆ ಅನ್ನುವ ಪರೀಕ್ಷೆಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ದೊಡ್ಡ ಮೊತ್ತದ ನಾಟಾ ಕೊಳ್ಳುವವರು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಇಲ್ಲಿಂದ ಮುಂದೆ ಎಣ್ಣೆಗಳ ಕಾಲ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುವ ಎಣ್ಣೆ, ತಿಳಿ ಮರಕ್ಕೆ ಜೇನಿನ ಬಣ್ಣ ಕೊಡುತ್ತದೆ. ಕಾಯಿಸಿದ್ದನ್ನೇ ತನ್ನಿ, ಹಸಿ ಅಗಸೆ ಎಣ್ಣೆ ಒಣಗಲು ವಾರಗಳು ಬೇಕು ಮತ್ತು ಆ ಎಣ್ಣೆಯನ್ನೇ ತಿಂದು ಬೂಷ್ಟು ಏಳುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ. ಬೇವು, ಹೊಂಗೆ ಗಟ್ಟಿಯಾಗದ ಎಣ್ಣೆಗಳು, ವಾಸನೆ ಮತ್ತು ಅಂಟು ಉಳಿಯುತ್ತದೆ. ಆದ್ದರಿಂದ ಕಪಾಟಿನ ಹಿಂಬದಿ, ಮಂಚದ ಅಡಿ, ಗೋಡೆಗೆ ತಾಗುವ ಮೈ, ಕುಟ್ಟೆ ಮತ್ತು ಗೆದ್ದಲಿನ ಭಯ ಇರುವಲ್ಲಿ ಮಾತ್ರ.

ಗೇರುಬೀಜದ ಸಿಪ್ಪೆ ಎಣ್ಣೆ ನಮ್ಮ ಕರಾವಳಿಯದ್ದೇ ಸರಕು, ಮರದ ದೋಣಿಗಳಿಗೆ ಬಳಿಯುತ್ತಿದ್ದದ್ದು. ಶಿಲೀಂಧ್ರ, ಹುಳ, ನೀರು ಮೂರಕ್ಕೂ ಗಟ್ಟಿ. ಈ ಪಟ್ಟಿಯ ಎಣ್ಣೆಗಳಲ್ಲಿ ಬಾಳಿಕೆಗೆ ನನ್ನ ಓಟು ಅದಕ್ಕೇ. ಆದರೆ ಮರ ಕಡು ಕಂದು ಆಗುತ್ತದೆ, ನೀಲಿ ಕಲೆ ಬಾರದಿರಲಿ ಅಂತ ಇಷ್ಟೆಲ್ಲ ಕಷ್ಟಪಟ್ಟದ್ದು ಬಿಳಿ ಮರದ ಅಂದಕ್ಕೆ ತಾನೇ? ಹಸಿ ಸಿಪ್ಪೆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಗೇರುಬೀಜ ಸುಟ್ಟವರಿಗೆ ಗೊತ್ತು. ಅಡಿಯ ಕಾಲು, ನೆಲಕ್ಕೆ ತಾಗುವ ತುದಿ, ಅಂಗಳದ ಬೆಂಚು, ಇಷ್ಟಕ್ಕೆ ಇರಲಿ.

ತಿಳಿ ಮರದ ಮೈ ತಿಳಿಯಾಗಿಯೇ ಉಳಿಯಬೇಕು ಅಂದರೆ ಅರಗು. ಚನ್ನಪಟ್ಟಣದವರು ಒಣಗಿದ ಹಾಲೆ ಮರವನ್ನು ತಿರುಗಣಿಯಲ್ಲಿ ಸುತ್ತಿಸುತ್ತಾ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಮೈಗೆ ಹಿಡಿಯುತ್ತದೆ. ಮೇಜಿಗೆ ಅದನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಹಚ್ಚುವುದು. ಅರಗು ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಹೊರಗಿನ ತೇವ ಬೇಗ ಒಳಗೆ ಹೋಗದಂತೆ ನೋಡಿಕೊಳ್ಳುತ್ತದೆ. ಬಿಸಿ ಪಾತ್ರೆ ಇಟ್ಟರೆ ಬಿಳಿ ಗುರುತು ಬೀಳುತ್ತದೆ, ಊಟದ ಮೇಜಿಗೆ ಅದೊಂದು ಕೊರತೆ. ಜೇನುಮೇಣ ಅದರ ಮೇಲೆ ಕೊನೆಯ ಕೈ ಹಚ್ಚುವುದಕ್ಕೆ ಸಾಕು, ಅದೊಂದನ್ನೇ ನಂಬಬೇಡಿ.

ಯಾರಿಗೆ ಯಾವುದು ಅಂತ ನೇರವಾಗಿ ಕೇಳಿದರೆ: ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಕಡಿಸುವ ಅವಕಾಶ ಇದ್ದರೆ ರೀಪು ಮತ್ತು ಗಾಳಿ ಸಾಕು, ಹಣ ಪಾಲಿಶ್‌ಗೆ ಉಳಿಸಿ. ಅಮಾವಾಸ್ಯೆ ನೋಡಿ ಕಡಿಯುವವರು ನೋಡಲಿ, ನಾನು ತಿಂಗಳು ನೋಡುತ್ತೇನೆ. ಮಳೆಗಾಲದಲ್ಲಿ ಬಿದ್ದ ಮರ, ತಿಳಿ ಬಣ್ಣದ್ದು, ಕೊಯ್ಸಲೇಬೇಕು ಅಂದರೆ ಬಿಳಿಗಾರ ಸೋಡಾ, ಅದೂ ಮಿಲ್ಲಿನಿಂದ ಬಂದ ದಿನವೇ. ಕೊಯ್ಸಲು ತಡ ಇದ್ದರೆ ಕೆರೆ. ಸಾಗುವಾನಿ, ಹಲಸಿಗೆ ಬಿಳಿ ಅಂಚು ಕೊಯ್ದು ಹಾಕಿ ಅಗಸೆ ಎಣ್ಣೆ. ಮಿಲ್ಲಿನಲ್ಲಿ ಸಿದ್ಧ ರಬ್ಬರ್ ಹಲಗೆ ಕೊಳ್ಳುವಾಗ ತುದಿಯನ್ನು ಹೊಸದಾಗಿ ಅಡ್ಡ ಕೊಯ್ಸಿ ನೋಡಿ, ಮೈ ಬೆಳ್ಳಗಿದ್ದರೂ ನಡುವೆ ನೀಲಿ ಇರಬಹುದು. ಕಪ್ಪು ಉಂಗುರ ಇರುವ ಸೂಜಿಯಷ್ಟು ಸಣ್ಣ ತೂತು ಕಂಡರೆ ಶಿಲೀಂಧ್ರವನ್ನು ಹೊತ್ತು ತರುವ ಹುಳ ಅಲ್ಲಿ ಹೊಕ್ಕಿತ್ತು ಅಂತ.

ಈಗಾಗಲೇ ನೀಲಿ ಹಿಡಿದ ಹಲಗೆ ಇದ್ದವರು ಬ್ಲೀಚ್ ಸುರಿದು ಬೇಸರ ಮಾಡಿಕೊಳ್ಳಬೇಡಿ, ಅದು ಮೇಲಿನ ಬೂಷ್ಟಿನ ಬಣ್ಣ ತೆಗೆಯುತ್ತದೆ, ಒಳಗಿನ ನೀಲಿಯನ್ನು ಮುಟ್ಟುವುದಿಲ್ಲ. ಪೂರ್ತಿ ಒಣಗಿಸಿ, ಬಳಸಿ. ಒಣಗಿದ ಮೇಲೆ ಶಿಲೀಂಧ್ರ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಮಾವಿನ ಹಲಗೆ ಊಟದ ಮೇಜಾಗಲಿಲ್ಲ, ಜಗಲಿಯ ಉದ್ದದ ಬೆಂಚಾಯಿತು. ಹೊಸದರಲ್ಲಿ ನನಗೆ ನಂಬಿಕೆ ಇರಲಿಲ್ಲ, ಹಾಗಾಗಿ ಅಡಿಯ ಬದಿಯಲ್ಲಿ ನೀಲಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಿಟ್ಟಿದ್ದೆ. ಎರಡು ಮಳೆಗಾಲ ಕಳೆದಿದೆ. ಮೊನ್ನೆ ಬೆಂಚು ಮಗುಚಿ ನೋಡಿದೆ, ನೀಲಿ ಆ ಗೆರೆಯ ಒಳಗೇ ಇದೆ.